ಸಪ್ಪಳ ಬಂದಲ್ಲೆಲ್ಲ ಹೊನ್ನಿಲ್ಲ

2019ರ ಜುಲೈ ತಿಂಗಳ ಒಂದು ರಾತ್ರಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜ ತೀರ್ಥರ ಬೃಂದಾವನವನ್ನು ಕಿತ್ತು ಹಾಕಿದ್ದು ನಿಧಿಯ ಆಸೆಗೆ. ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳು ಮಲಗಿರುವ ಜಾಗ ಅದು. ಪೊಲೀಸರು ಕೆಲವೇ ದಿನಗಳಲ್ಲಿ ಆರೋಪಿಗಳನ್ನು ಹಿಡಿದರು, ಭಕ್ತರು ಸೇರಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಎಲ್ಲವನ್ನೂ ಬಿಟ್ಟು ಸನ್ಯಾಸ ತೆಗೆದುಕೊಂಡವರ ಸಮಾಧಿಯ ಕೆಳಗೆ ಚಿನ್ನ ಇರುತ್ತದೆ ಎಂದು ನಂಬಿದವರ ಬಗ್ಗೆ ಆಗ ಎಲ್ಲರೂ ಮಾತಾಡಿದರು. ಆ ನಂಬಿಕೆ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತಾಡಿದವರು ಕಡಿಮೆ.

ಮೊದಲು ನಮ್ಮ ಕೊಪ್ಪಳ ಭಾಗದಲ್ಲಿ ನಿಧಿ ತೋರಿಸಲು ಅಂಜನ ಹಾಕುವವರು ಬೇಕಿತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಬೇಕಿತ್ತು. ಈಗ ಆ ಜಾಗಕ್ಕೆ ಮೆಟಲ್ ಡಿಟೆಕ್ಟರ್ ಬಂದಿದೆ. ಆನ್‌ಲೈನಿನಲ್ಲಿ ಕೆಲವು ಸಾವಿರ ರೂಪಾಯಿಗೆ ಮನೆ ಬಾಗಿಲಿಗೇ ಬರುತ್ತದೆ. ಇಂಗ್ಲೆಂಡಿನ ಯಾವುದೋ ಹೊಲದಲ್ಲಿ ಬೆಳ್ಳಿ ನಾಣ್ಯ ಎತ್ತುವವರ ವಿಡಿಯೊಗಳನ್ನು ಕುಷ್ಟಗಿ, ಯಲಬುರ್ಗಾದ ಹುಡುಗರೂ ನೋಡುತ್ತಾರೆ. ಯಂತ್ರ ಹೊಸದು, ಅದರ ಮೇಲಿನ ನಂಬಿಕೆ ಮಾತ್ರ ಅಂಜನದ ಕಾಲದ್ದೇ: ಅದು ಕೂಗಿದರೆ ಕೆಳಗೆ ಹೊನ್ನು. ಈ ಒಂದು ತಪ್ಪು ಎಣಿಕೆಯಿಂದಲೇ ಎಷ್ಟೋ ಗುಂಡಿಗಳು ಬೀಳುತ್ತಿವೆ. ಯಂತ್ರದ ಸಪ್ಪಳವನ್ನು ಓದಲು ಕಲಿತವನು ಗುದ್ದಲಿ ಎತ್ತುವುದು ಕಡಿಮೆ. ಹಾಗಾಗಿ ಸಪ್ಪಳದಿಂದಲೇ ಶುರು ಮಾಡೋಣ.

“ಮಷಿನ್ ಬಂಗಾರ ತೋರಿಸ್ತೈತಿ”

ತೋರಿಸುವುದಿಲ್ಲ. ಯಂತ್ರದ ತುದಿಯಲ್ಲಿರುವ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಎನ್ನುತ್ತಾರೆ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದು, ನೆಲದೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಅಲ್ಲೊಂದು ಲೋಹದ ತುಂಡು ಇದ್ದರೆ ಅದರ ಮೈಯಲ್ಲಿ ಸಣ್ಣ ಸುಳಿ ವಿದ್ಯುತ್ ಏಳುತ್ತದೆ. ಆ ಸುಳಿ ತನ್ನದೇ ಆದ ಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಎರಡನೆಯ ಸುರುಳಿ ಹಿಡಿಯುವುದು ಅದನ್ನೇ. ಉತ್ತರ ಎಷ್ಟು ಜೋರಾಗಿ ಬಂತು, ಎಷ್ಟು ತಡವಾಗಿ ಬಂತು ಎಂಬ ಎರಡು ಸಂಗತಿ ಬಿಟ್ಟರೆ ಯಂತ್ರಕ್ಕೆ ಬೇರೇನೂ ಗೊತ್ತಿರುವುದಿಲ್ಲ. ಪರದೆ ಮೇಲಿನ ಅಂಕಿ, ಕಿವಿಗೆ ಬೀಳುವ ಸ್ವರ ಎರಡೂ ಹುಟ್ಟುವುದು ಆ ‘ತಡ’ದಿಂದ.

ತಡ ಎಷ್ಟು ಎಂಬುದು ಲೋಹದ ಜಾತಿಯೊಂದರ ಮೇಲೆ ನಿಂತಿಲ್ಲ. ತುಂಡಿನ ಅಗಲ, ದಪ್ಪ, ಆಕಾರ, ಅದು ಮಲಗಿದೆಯೋ ಅಂಚಿನ ಮೇಲೆ ನಿಂತಿದೆಯೋ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಹಳಷ್ಟು ಯಂತ್ರಗಳಲ್ಲಿ 0ಯಿಂದ 99ರವರೆಗೆ ಅಂಕಿ ಇರುತ್ತದೆ. ಕಬ್ಬಿಣ ಕೆಳಗೆ, ದಪ್ಪ ಬೆಳ್ಳಿ ಮತ್ತು ತಾಮ್ರ ಮೇಲೆ. ಚಿನ್ನ ಎಲ್ಲಕ್ಕಿಂತ ಮೇಲಿನ ಅಂಕಿಯಲ್ಲಿ ಇರುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ನಿಜ ಅದಕ್ಕೆ ಉಲ್ಟಾ. ವಿಜಯನಗರದ ವರಹ ತೂಗುವುದು ಸುಮಾರು 3.4 ಗ್ರಾಂ, ಅಗಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ಚಿಕ್ಕದಾದ ‘ಹಣ’ ಅರ್ಧ ಗ್ರಾಮೂ ಇಲ್ಲ, ಅಗಲ ಆರೇಳು ಮಿಲಿಮೀಟರ್. ಇಷ್ಟು ಸಣ್ಣ ತುಂಡಿನಲ್ಲಿ ಏಳುವ ಸುಳಿ ಬೇಗ ಆರಿಹೋಗುತ್ತದೆ, ಹಾಗಾಗಿ ಅಂಕಿ ಕೆಳಗೇ ಉಳಿಯುತ್ತದೆ. ಮಾತ್ರೆಪಟ್ಟಿಯ ಬೆಳ್ಳಿಹಾಳೆ, ಸಿಗರೇಟು ಪ್ಯಾಕಿನ ಹಾಳೆ, ಚೂರಾದ ಅಲ್ಯೂಮಿನಿಯಂ ಇವೆಲ್ಲ ತೋರಿಸುವುದೂ ಅದೇ ಅಂಕಿಗಳನ್ನೇ. ಚಿನ್ನಕ್ಕೆಂದೇ ಮೀಸಲಾದ ಒಂದು ಅಂಕಿ ಯಾವ ಕಂಪನಿಯ ಯಂತ್ರದಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ.

ಇದಕ್ಕಿಂತ ದೊಡ್ಡ ಮೋಸ ‘ಲಾಂಗ್ ರೇಂಜ್’ ಯಂತ್ರಗಳದ್ದು. ಕೈಯಲ್ಲಿ ಹಿಡಿ, ಅದರ ತುದಿಗೆ ತಿರುಗುವ ಆಂಟೆನಾ. ನೂರಾರು ಮೀಟರ್ ದೂರದ ಚಿನ್ನದ ಕಡೆ ತಾನಾಗಿ ತಿರುಗುತ್ತದಂತೆ. ಅದೇ ಬಗೆಯ ಎಡಿಇ 651 ಎಂಬ ಪೆಟ್ಟಿಗೆಯನ್ನು ಬಾಂಬ್ ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ ಬ್ರಿಟನ್ನಿನ ನ್ಯಾಯಾಲಯ 2013ರಲ್ಲಿ 10 ವರ್ಷ ಜೈಲು ವಿಧಿಸಿತು. ಒಳಗೆ ಕೆಲಸ ಮಾಡುವ ಸರ್ಕ್ಯೂಟೇ ಇರಲಿಲ್ಲ; ಅದು ಹುಟ್ಟಿದ್ದು ಕಳೆದುಹೋದ ಗಾಲ್ಫ್ ಚೆಂಡು ಹುಡುಕುವ ಆಟಿಕೆಯೊಂದರಿಂದ. ಅದನ್ನು ನಂಬಿ ತಪಾಸಣೆಗೆ ನಿಂತ ಕಡೆ ಜನ ಸತ್ತರು. ನಮ್ಮಲ್ಲಿ ಅಂಥ ಪೆಟ್ಟಿಗೆಗಾಗಿ ಜನ ಎತ್ತು ಮಾರಿ, ಹೊಲ ಅಡವಿಟ್ಟು ಹಣ ಹೊಂದಿಸುತ್ತಾರೆ. ಅಕ್ಕಿ ಎಳೆಯುವ ತಾಮ್ರದ ಚೊಂಬು ತೋರಿಸಿ ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ಮೋಸ ಮಾಡುವವರದ್ದೂ ಇದೇ ಸಂತೆ.

“ಕಬ್ಬಿಣ ಬಿಟ್ಟು ಉಳಿದಿದ್ದನ್ನ ಅಗೀ”

ಯಂತ್ರದಲ್ಲಿ ಕಬ್ಬಿಣವನ್ನು ಕಡೆಗಣಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೊಳೆ, ಲಾಳ ಎಲ್ಲ ಮೌನ, ನಾಣ್ಯಕ್ಕೆ ಮಾತ್ರ ಸಪ್ಪಳ ಎಂದು ಮಾರುವವರು ಹೇಳುತ್ತಾರೆ. ನಮ್ಮ ನೆಲದಲ್ಲಿ ಈ ಮಾತು ಎರಡು ಕಡೆ ಮುರಿದುಬೀಳುತ್ತದೆ.

ಒಂದು, ಯಂತ್ರದ ಜೊತೆ ಬರುವ ಅಂಕಿಯ ಪಟ್ಟಿ ಅಮೆರಿಕದ ಕ್ವಾರ್ಟರ್, ಡೈಮ್, ನಿಕಲ್‌ಗಳಿಗೆ ಮಾಡಿದ್ದು. ನಮ್ಮ ಈಗಿನ ಒಂದು, ಎರಡು ರೂಪಾಯಿಗಳು ಸ್ಟೇನ್‌ಲೆಸ್ ಸ್ಟೀಲಿನವು; ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಅಯಸ್ಕಾಂತಕ್ಕೆ ಅಂಟುತ್ತವೆ. ಕಬ್ಬಿಣದ ಗುಂಡಿ ಒತ್ತಿದ ಕೂಡಲೇ ಅವು ಗುಜರಿಯ ಪಟ್ಟಿಗೆ ಸೇರುವುದೇ ಹೆಚ್ಚು. ಹಳೆಯ ಚೌಕಾಕಾರದ ಐದು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ ಅಲ್ಯೂಮಿನಿಯಂನವು. ಪಟ್ಟಿಯಲ್ಲಿ ಕಸ ಎಂದು ಬರೆದ ಜಾಗಕ್ಕೇ ಹೋಗಿ ಕೂರುತ್ತವೆ. 1957ರ ಒಂದು ನಯಾ ಪೈಸೆ ಕಂಚಿನದು, 1940ಕ್ಕೆ ಮುಂಚಿನ ಬ್ರಿಟಿಷ್ ರೂಪಾಯಿ ಒಂದು ತೊಲ ತೂಕದ ಗಟ್ಟಿ ಬೆಳ್ಳಿ. ಇವು ಮೇಲಿನ ಅಂಕಿ ಕೊಡುತ್ತವೆ. ನಮ್ಮ ಜಿಲ್ಲೆ ನಿಜಾಮರ ಸೀಮೆಯಲ್ಲಿದ್ದುದರಿಂದ ಹೈದರಾಬಾದಿನ ಚಾರ್‌ಮಿನಾರ್ ಛಾಪಿನ ಬೆಳ್ಳಿ ರೂಪಾಯಿಯೂ ಅಜ್ಜಿಯರ ಪೆಟ್ಟಿಗೆಯಲ್ಲಿ ಸಿಕ್ಕೀತು. ಅದರಲ್ಲಿ ಬೆಳ್ಳಿ ಪಾಲು ಸ್ವಲ್ಪ ಕಡಿಮೆ. ಶಾತವಾಹನರ ಕಾಲದ ಸೀಸ ಮತ್ತು ಮಿಶ್ರಲೋಹದ ನಾಣ್ಯಗಳು ಇನ್ನೆಲ್ಲೋ ನಡುವೆ. ನಮ್ಮ ನಾಣ್ಯಗಳ ಅಂಕಿಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು, ಅದಕ್ಕೆ ಹಿತ್ತಲು ಸಾಕು.

ಹೀಗೆ ಮಾಡಿ ನೋಡಿ. ಮೊದಲು ಏನೂ ಇಲ್ಲದ ಒಂದು ಮಡಿಯನ್ನು ಯಂತ್ರದಿಂದ ಪರೀಕ್ಷಿಸಿ, ಇರುವ ಮೊಳೆ ತಂತಿ ತೆಗೆದುಹಾಕಿ. ಒಂದೊಂದು ಮೊಳ ಅಂತರದಲ್ಲಿ ಒಂದು ರೂಪಾಯಿ, ಹಳೆಯ ಐದು ಪೈಸೆ, ಹತ್ತು ರೂಪಾಯಿ, ತಾಮ್ರದ ಒಂದು ತುಂಡು, ಮಾತ್ರೆಪಟ್ಟಿಯ ಚೂರು, ತುಕ್ಕು ಹಿಡಿದ ಮೊಳೆ, ಲಾಳದ ತುಂಡು ಹೂಳಿ. ಕಾಯಿಲನ್ನು ನೆಲಕ್ಕೆ ಸಮನಾಗಿ, ಎರಡು ಬೆರಳು ಎತ್ತರದಲ್ಲಿ, ತುದಿಯಲ್ಲಿ ಮೇಲೆತ್ತದೆ ಬೀಸಿ. ನಾಣ್ಯ ಮಲಗಿದ್ದರೆ ಎಡದಿಂದ ಬಂದಾಗಲೂ ಬಲದಿಂದ ಬಂದಾಗಲೂ ಒಂದೇ ಸ್ವರ, ಚಿಕ್ಕದಾಗಿ, ಅಂಚು ಕತ್ತರಿಸಿದಂತೆ ಕೇಳುತ್ತದೆ. ಆಮೇಲೆ ನೀವು ಕಾಲು ಸುತ್ತು ತಿರುಗಿ ನಿಂತು ಅಡ್ಡಲಾಗಿ ಬೀಸಿ. ಆಗಲೂ ಅಂಕಿ ಹೆಚ್ಚು ಕುಣಿಯುವುದಿಲ್ಲ. ಮೊಳೆಯ ಮೇಲೆ ಹೀಗಾಗುವುದಿಲ್ಲ. ಒಂದು ದಿಕ್ಕಿನಲ್ಲಿ ಗೊರಗೊರ, ಇನ್ನೊಂದು ದಿಕ್ಕಿನಲ್ಲಿ ಚೂಪು ಸ್ವರ, ಸದ್ದು ಕೇಳುವ ಜಾಗವೂ ಒಂದು ಗೇಣು ಅತ್ತಿತ್ತ. ದೊಡ್ಡ ಲಾಳ ಇನ್ನೂ ಮೋಸಗಾರ: ಅಗಲವಾದ ಕಬ್ಬಿಣ ಕೆಲವೊಮ್ಮೆ ಬೆಳ್ಳಿಯ ಅಂಕಿಯನ್ನೇ ತೋರಿಸುತ್ತದೆ. ಕಾಯಿಲನ್ನು ಒಂದು ಗೇಣು ಮೇಲೆತ್ತಿ ಬೀಸಿದಾಗ ನಾಣ್ಯದ ಸದ್ದು ಸತ್ತುಹೋಗುತ್ತದೆ; ಸದ್ದು ಹಾಗೇ ಉಳಿದರೆ ಕೆಳಗಿರುವುದು ಲಾಳದಂಥ ದೊಡ್ಡ ವಸ್ತು. ಇದನ್ನು ಕಿವಿ ಹಿಡಿಯುವವರೆಗೆ ಅಂಕಿಯ ಕಡೆ ನೋಡದಿರುವುದೇ ಒಳ್ಳೆಯದು.

ಎರಡನೆಯ ಸಮಸ್ಯೆ ನಮ್ಮ ಊರಿನ ನೆಲದ್ದು. ನೂರಾರು ವರ್ಷ ರಂಟೆ ಹೊಡೆದ ಹೊಲ, ಬಂಡಿ ಓಡಿದ ಹಾದಿ, ಕಮ್ಮಾರಸಾಲೆ ಇದ್ದ ಓಣಿ. ಎತ್ತಿನ ಲಾಳ, ಲಾಳದ ಮೊಳೆ, ಕುಂಟೆಯ ಕುಡದ ಚೂರು, ಬಂಡಿಯ ಕಡಾಣಿ, ಕಬ್ಬಿಣ ಕರಗಿಸಿದ ಕಿಟ್ಟ ಎಲ್ಲವೂ ನೆಲದಲ್ಲಿವೆ. ನಾಣ್ಯದ ಪಕ್ಕದಲ್ಲೊಂದು ಮೊಳೆ ಇದ್ದರೆ, ಕಬ್ಬಿಣಕ್ಕೆ ಬಾಯಿ ಕಟ್ಟಿದ ಯಂತ್ರ ನಾಣ್ಯಕ್ಕೂ ಸುಮ್ಮನಾಗುತ್ತದೆ.

ಸುತ್ತಲಿನ ಕಬ್ಬಿಣ ಯಂತ್ರವನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇತಿಹಾಸದ ಮೊದಲ ಪಾಠವೇ ಸಾಕ್ಷಿ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಮೈಯೊಳಗಿನ ಗುಂಡು ಎಲ್ಲಿದೆ ಎಂದು ಪತ್ತೆ ಹಚ್ಚಲು ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ಸುರುಳಿಗಳ ಉಪಕರಣ ತಂದ. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಸಪ್ಪಳ ಎಲ್ಲ ಕಡೆಯೂ ಬಂತು. ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದು ಆ ಪಕ್ಕ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆ ಇತ್ತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ. ಉಪಕರಣ ಸರಿಯಾಗಿತ್ತು. ಎಲ್ಲಿ ಹುಡುಕಬೇಕೆಂದು ಮೊದಲೇ ತೀರ್ಮಾನಿಸಿದವರು ಮತ್ತು ಸುತ್ತಲಿನ ಕಬ್ಬಿಣ, ಇವೆರಡೂ ಸೇರಿ ಅದನ್ನು ಸೋಲಿಸಿದವು.

“ಎರಿಯಾಗ ಮಷಿನ್ ಕೆಟ್ಟು ಹೋಗ್ತೈತಿ”

ಯಂತ್ರ ಕೆಡುವುದಿಲ್ಲ, ಅದು ನೆಲವನ್ನೇ ಕೇಳಿಸಿಕೊಳ್ಳುತ್ತಿರುತ್ತದೆ. ಮಸಾರಿ ಎಂಬ ಕೆಂಪು ನೆಲಕ್ಕೆ ಬಣ್ಣ ಬರುವುದೇ ಕಬ್ಬಿಣದ ಆಕ್ಸೈಡಿನಿಂದ. ಗಂಗಾವತಿ, ಕೊಪ್ಪಳದ ಗ್ರಾನೈಟ್ ಗುಡ್ಡಗಳ ನಡುವೆ ಕರಿಕಲ್ಲಿನ ಪಟ್ಟಿಗಳು ಹಾದುಹೋಗಿವೆ. ಆ ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜ ಇರುತ್ತದೆ. ಅದರ ಒಂದು ಗುಂಡುಕಲ್ಲು ಕಾಯಿಲಿನ ಕೆಳಗೆ ಬಂದರೆ ನಾಣ್ಯದಂತೆಯೇ ಕೂಗಬಲ್ಲದು. ಬೆಂಕಿಯಲ್ಲಿ ಸುಟ್ಟ ಮಣ್ಣಿಗೂ ಕಾಂತಗುಣ ಬರುತ್ತದೆ: ಹಾಳೂರ ದಿಬ್ಬದ ಹೆಂಚಿನ ಚೂರು, ಇಟ್ಟಿಗೆ, ಮಡಕೆ ಬೋಕಿ, ಒಲೆಯ ತಳ ಎಲ್ಲವೂ ಸದ್ದು ಮಾಡಬಲ್ಲವು. ಹಳೆಯ ಊರಿನ ದಿಬ್ಬದ ಮೇಲೆ ಯಂತ್ರ ಹೆಚ್ಚು ಕೂಗಲು ಇದೊಂದು ಕಾರಣ, ಅದನ್ನು ಜನ ನಿಧಿ ಎಂದುಕೊಳ್ಳುತ್ತಾರೆ.

ಹಾಗಾಗಿ ‘ಗ್ರೌಂಡ್ ಬ್ಯಾಲೆನ್ಸ್’ ಎಂಬ ಕೆಲಸ ಇದೆ. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ, ಆ ನೆಲದ ಸದ್ದು ಅಡಗುವವರೆಗೆ ಹೊಂದಿಸಬೇಕು. ಮಸಾರಿಯಲ್ಲಿ ಹೊಂದಿಸಿದ್ದು ಎರಿ ಎಂಬ ಕಪ್ಪು ನೆಲಕ್ಕೆ ನಡೆಯುವುದಿಲ್ಲ. ಯಲಬುರ್ಗಾ ಕಡೆ ಒಂದೇ ಊರಿನಲ್ಲಿ ಎರಡೂ ಇರುವುದರಿಂದ ಬದು ದಾಟಿದಾಗಲೆಲ್ಲ ಮತ್ತೆ ಮಾಡಬೇಕು. ಎರಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಅದು ಆಳವಾಗಿ ಬಿರಿಯುತ್ತದೆ, ಮಳೆಗೆ ಮತ್ತೆ ಕೂಡಿಕೊಳ್ಳುತ್ತದೆ. ಮೇಲೆ ಬಿದ್ದದ್ದು ಬಿರುಕಿನಲ್ಲಿ ಇಳಿದುಹೋಗಬಹುದು. ಎರಿ ಹೊಲದಲ್ಲಿ ಮೊಳದಾಳದಲ್ಲಿ ಸಿಕ್ಕ ವಸ್ತು ಮೊಳದಾಳದಷ್ಟು ಹಳೆಯದೇ ಆಗಿರಬೇಕಿಲ್ಲ.

“ನಿಧಿ ಸರದು ಹೋತು”

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಇದೇ. ಸಪ್ಪಳ ಬಂತು, ಅಗೆದರು, ಏನೂ ಸಿಗಲಿಲ್ಲ, ಮತ್ತೆ ಯಂತ್ರ ಹಿಡಿದರೆ ಸಪ್ಪಳವೇ ಇಲ್ಲ. ಕಾವಲಿನ ಹಾವು ಎಳೆದುಕೊಂಡು ಹೋಯಿತು, ಬಲಿ ಕೊಡದೆ ಕೈಗೆ ಸಿಗುವುದಿಲ್ಲ ಎನ್ನುವವರು ಊರೂರಲ್ಲಿ ಇದ್ದಾರೆ. ಕೋಳಿಯಿಂದ ಶುರುವಾದ ಆ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ನಮಗೆಲ್ಲ ಗೊತ್ತು. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ಮಾಟಮಂತ್ರ ತಡೆ ಕಾಯಿದೆಯಲ್ಲಿ ನಿಧಿ ಹುಡುಕುವ ಹೆಸರಿನ ಕ್ರೂರ ಆಚರಣೆಗಳನ್ನು ಹೆಸರಿಸಿಯೇ ನಿಷೇಧಿಸಬೇಕಾಗಿ ಬಂತು. ಆದ್ದರಿಂದ ಸಪ್ಪಳ ಏಕೆ ಮಾಯವಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಬರೀ ಯಂತ್ರಜ್ಞಾನದ ಮಾತಲ್ಲ.

ಬಹಳ ವರ್ಷ ಮಣ್ಣಿನಲ್ಲಿದ್ದ ಕಬ್ಬಿಣ ತುಕ್ಕಾಗಿ ಸುತ್ತಲಿನ ಮಣ್ಣಿಗೆ ಸೇರಿಕೊಂಡಿರುತ್ತದೆ. ಮೊಳೆ ಬೆರಳುದ್ದ, ಅದರ ತುಕ್ಕಿನ ವಲಯ ಅಂಗೈಯಗಲ. ಯಂತ್ರಕ್ಕೆ ಕೇಳುವುದು ಎರಡೂ ಸೇರಿದ ದೊಡ್ಡ ಸದ್ದು. ಗುದ್ದಲಿ ಬಿದ್ದು ಆ ವಲಯ ಒಡೆದ ಕೂಡಲೇ ಸದ್ದು ಕುಗ್ಗುತ್ತದೆ, ಕೆಲವೊಮ್ಮೆ ಹೋಗಿಯೇ ಬಿಡುತ್ತದೆ. ಇನ್ನು ಗುಂಡಿಯೊಳಗಿನ ಸಣ್ಣ ತುಂಡು ಮಣ್ಣಿನ ಜೊತೆ ಮೇಲೆ ಬಂದು ಪಕ್ಕದ ಗುಡ್ಡೆಯಲ್ಲಿ ಕೂತಿರುತ್ತದೆ. ಜನ ಗುಂಡಿಯನ್ನು ಇನ್ನೂ ಆಳ ಮಾಡುತ್ತ ಹೋಗುತ್ತಾರೆ. ಮಲಗಿದ್ದ ತಗಡು ಅಂಚಿನ ಮೇಲೆ ನಿಂತರೂ ಸದ್ದು ಕ್ಷೀಣಿಸುತ್ತದೆ. ಕರಿಕಲ್ಲನ್ನು ಎತ್ತಿ ಎಸೆದ ಮೇಲೆ ಅದರ ಸದ್ದೂ ಅದರ ಜೊತೆಗೇ ಹೋಗುತ್ತದೆ, ಕಲ್ಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮ ಭಾಗಕ್ಕೇ ವಿಶೇಷವಾದ ಕಾರಣ ಕರೆಂಟು. ಯಂತ್ರದ ಕಿವಿ ಬಹಳ ಸೂಕ್ಷ್ಮ. ಮೇಲೆ ಹಾದ ತಂತಿ, ಟಿಸಿ, ಬೋರ್‌ವೆಲ್ ಮೋಟಾರಿನ ಕೇಬಲ್, ಜೇಬಿನ ಮೊಬೈಲ್ ಇವೆಲ್ಲ ಅದಕ್ಕೆ ಸದ್ದಾಗಿ ಕೇಳಿಸುತ್ತವೆ. ಹೊಲಗಳಿಗೆ ತ್ರೀಫೇಸ್ ಕೊಡುವುದು ಪಾಳಿಯಲ್ಲಿ, ಅದರಲ್ಲೂ ಎಷ್ಟೋ ಸಲ ರಾತ್ರಿ ಹೊತ್ತು. ನಿಧಿಗಳ್ಳರು ಹೊರಡುವುದೂ ಅದೇ ಹೊತ್ತಿಗೆ. ಪಂಪ್‌ಸೆಟ್ ಓಡುತ್ತಿರುವಾಗ ಕೂಗಿದ ಯಂತ್ರ ಕರೆಂಟು ಹೋದಾಗ ಸುಮ್ಮನಾದರೆ, ಅಲ್ಲಿ ಸರಿದದ್ದು ಯಾವ ಕೊಪ್ಪರಿಗೆಯೂ ಅಲ್ಲ. ಪರೀಕ್ಷೆ ಸುಲಭ: ಕಾಯಿಲನ್ನು ಆಡಿಸದೆ ನೆಲದಿಂದ ಮೇಲೆ ಹಿಡಿದು ನಿಲ್ಲಿ. ಆಗಲೂ ಚಿಟಿಚಿಟಿ ಎನ್ನುತ್ತಿದ್ದರೆ ಸದ್ದು ಬರುತ್ತಿರುವುದು ನೆಲದಿಂದಲ್ಲ.

“ಇಪ್ಪತ್ತ ಫೂಟಿನ ತನಕ ನೋಡ್ತೈತಿ”

ಸಣ್ಣ ವಸ್ತುವಿನ ಉತ್ತರ ದೂರದ ಆರನೆಯ ಘಾತದಲ್ಲಿ ಕುಗ್ಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕ್ಷೇತ್ರ ಕ್ಷೀಣಿಸುವುದರಿಂದ ಹೀಗಾಗುತ್ತದೆ. ದೂರ ಎರಡು ಪಟ್ಟಾದರೆ ಉತ್ತರ ಹೆಚ್ಚುಕಡಿಮೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಆಳದ ನಾಣ್ಯವನ್ನು ಒಳ್ಳೆಯ ಯಂತ್ರ ಒಳ್ಳೆಯ ನೆಲದಲ್ಲಿ ಹಿಡಿಯುತ್ತದೆ. ಅದೇ ನಾಣ್ಯ 20 ಅಡಿ ಕೆಳಗಿದ್ದರೆ ಉತ್ತರ 70 ಕೋಟಿಯಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಒಂದು ಮಡಕೆ ತುಂಬ ಲೋಹವಿದ್ದರೆ ಇನ್ನೊಂದಿಷ್ಟು ಆಳದಿಂದ ಸದ್ದು ಬರಬಹುದು, ಅದೂ ಮೀಟರಿನ ಲೆಕ್ಕದಲ್ಲಿ. ಆಳ ನೋಡುವ ಎರಡು ಪೆಟ್ಟಿಗೆಯ ಯಂತ್ರಗಳಿವೆ ನಿಜ. ಅವಕ್ಕೆ ನಾಣ್ಯವೇ ಕಾಣುವುದಿಲ್ಲ, ಪೈಪು ಮತ್ತು ಡ್ರಮ್ಮಿನಂಥವು ಮಾತ್ರ ಕಾಣುತ್ತವೆ.

“ಸೂರ್ಯ ಚಂದ್ರ ಕೆತ್ತಿದ ಕಲ್ಲಿನ ಬುಡಕ ಇರ್ತೈತಿ”

ಯಂತ್ರ ಹಿಡಿದು ಎಲ್ಲಿಗೆ ಹೋಗಬೇಕೆಂದು ಹೇಳುವ ನಂಬಿಕೆಗಳೂ ಇವೆ, ನಮ್ಮ ಶಾಸನಗಳು ಉರುಳುತ್ತಿರುವುದು ಇವುಗಳಿಂದ. ದಾನಶಾಸನದ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುವುದು ಅವರಿರುವವರೆಗೆ ಈ ದಾನ ನಡೆಯಲಿ ಎಂಬ ಅರ್ಥಕ್ಕೆ. ಹಸು ಕರು ಇರುವುದೂ ಅದೇ ದಾನದ ಸಂಬಂಧಕ್ಕೆ. ಹೊಲದ ನಡುವೆ ನಿಂತ ಲಿಂಗಮುದ್ರೆಯ ಕಲ್ಲು ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿಗಲ್ಲು, ವಾಮನಮುದ್ರೆಯದು ವೈಷ್ಣವರಿಗೆ ಬಿಟ್ಟದ್ದರ ಗಡಿಗಲ್ಲು. ವೀರಗಲ್ಲು ಊರಿನ ದನಕ್ಕಾಗಿ, ಮಾನಕ್ಕಾಗಿ ಸತ್ತವನ ನೆನಪು. ಇವುಗಳಲ್ಲಿ ಒಂದೂ ನಿಧಿಯ ವಿಳಾಸವಲ್ಲ. ಲಿಂಗದ ಕೆಳಗೆ ಪ್ರತಿಷ್ಠೆಯ ವೇಳೆ ಇಡುವುದು ಧಾನ್ಯ, ರತ್ನದ ಹರಳು, ಚಿನ್ನದ ಚೂರಿನಂಥ ಶಾಸ್ತ್ರದ ವಸ್ತುಗಳು. ಅದಕ್ಕಾಗಿ ನಂದಿಯನ್ನು ಒಡೆದು, ಪೀಠ ಮಗುಚಿ ಹಾಕುತ್ತಾರೆ. ಇಟಗಿಯ ಮಹಾದೇವ ದೇಗುಲವನ್ನು 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಎಂದು ನಮಗೆ ಹೇಳುವುದೇ ಅಲ್ಲಿನ ಶಾಸನ. ಅಂಥ ಕಲ್ಲು ಉರುಳಿದರೆ ಒಂದು ಊರಿಗೆ ತನ್ನ ಹೆಸರು ಹೇಳುವವರಿಲ್ಲ.

ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಗೋರಿಗಳಿಗೆ ಆಗಿರುವುದು ಇನ್ನೂ ನೋವಿನ ಸಂಗತಿ. ಮೋರ್ಯರ ಮನೆಗಳು ಎಂದು ಸುತ್ತಲ ಜನ ಕರೆಯುವ ಇವು ಎರಡು ಸಾವಿರ ವರ್ಷಗಳಿಗೂ ಹಳೆಯ ಬೃಹತ್ ಶಿಲಾಯುಗದವು. ಫಿಲಿಪ್ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಹೆಚ್ಚಿನವು ಇಲ್ಲಿ ನಾಣ್ಯದ ಚಲಾವಣೆ ನೆಲೆಯೂರುವುದಕ್ಕೂ ಮೊದಲಿನವು. ಎಷ್ಟೋ ಗೋರಿಗಳು ನೇರ ಹಾಸುಬಂಡೆಯ ಮೇಲೇ ನಿಂತಿವೆ, ಹೂಳಲು ಮಣ್ಣೇ ಇಲ್ಲ. ಆ ಕಾಲದವರು ಸತ್ತವರ ಜೊತೆ ಇಡುತ್ತಿದ್ದುದು ಮಡಕೆ ಮತ್ತು ಕಬ್ಬಿಣದ ಆಯುಧ. ಯಂತ್ರ ಅಲ್ಲಿ ಕೂಗಿದರೂ ಅದು ತುಕ್ಕಿನ ಕೂಗು. ದುಂಡು ಕಿಂಡಿ ಕೊರೆದ ಆ ಚಪ್ಪಡಿಗಳನ್ನು ಒಡೆದವರಿಗೆ ಸಿಕ್ಕಿದ್ದು ಕಲ್ಲಿನ ಚೂರು.

ಬಂಗಾರ ಹುಡುಕಲು ಹೋದವರಲ್ಲಿ ನಿಜವಾಗಿ ದೊಡ್ಡದನ್ನು ಕಂಡವನು ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಗೆ ಬಂದಿದ್ದ ಗಣಿ ಎಂಜಿನಿಯರ್ ಬೀಡನ್. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಅಶೋಕನ ಹೆಸರು ಸ್ಪಷ್ಟವಾಗಿ ಇರುವ ಶಾಸನ ಅದು. ಅದುವರೆಗೆ ‘ದೇವಾನಂಪ್ರಿಯ’ ಎಂದಷ್ಟೇ ಇದ್ದ ರಾಜ ಯಾರೆಂಬುದು ಅದರಿಂದ ಖಚಿತವಾಯಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಮಸ್ಕಿಯಲ್ಲಿ ಬೀಡನ್ ಬಂಡೆಯ ಬುಡ ಅಗೆದಿದ್ದರೆ ಏನು ಸಿಗುತ್ತಿತ್ತು? ಓದಿದ್ದರಿಂದ ಒಂದು ದೇಶದ ಚರಿತ್ರೆ ಸಿಕ್ಕಿತು.

“ನನ್ನ ಹೊಲದಾಗಿಂದು ನಂದ”

ಇಂಗ್ಲೆಂಡಿನ ವಿಡಿಯೊಗಳು ಇಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ 1996ರ ಟ್ರೆಷರ್ ಆ್ಯಕ್ಟ್ ಇದೆ, ಹೊಲದೊಡೆಯನ ಒಪ್ಪಿಗೆ ಪಡೆದು ಹುಡುಕಿ, ಸಿಕ್ಕಿದ್ದನ್ನು ದಾಖಲಿಸುವ ವ್ಯವಸ್ಥೆ ಇದೆ. ನಮ್ಮಲ್ಲಿ 1962ರ ಕರ್ನಾಟಕದ ನಿಧಿ ಕಾಯಿದೆ ಇದೆ: ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಆನೆಗೊಂದಿ ಹಂಪಿಯ ವಿಶ್ವ ಪರಂಪರೆಯ ಪ್ರದೇಶದೊಳಗೇ ಬರುತ್ತದೆ. ಇನ್ನೊಬ್ಬರ ಹೊಲ, ಕೋಟೆ, ಗುಡಿ, ಹಾಳೂರ ದಿಬ್ಬ, ಗುಡ್ಡದ ಗೋರಿ ಇವೆಲ್ಲೂ ಯಂತ್ರ ಹಿಡಿದು ಹೋಗುವ ಜಾಗಗಳಲ್ಲ.

ಯಂತ್ರಕ್ಕೆ ಒಳ್ಳೆಯ ಕೆಲಸಗಳಿವೆ. ಸೇಂಗಾ ಕೀಳುವಾಗ ಕಿವಿಯಿಂದ ಜಾರಿದ ಬೆಂಡೋಲೆ, ಕಣದಲ್ಲಿ ಬಿದ್ದ ತಾಳಿಯ ಗುಂಡು, ಬದುವಿನಲ್ಲಿ ಹೂತುಹೋದ ಸರ್ವೆ ಕಲ್ಲಿನ ಕಬ್ಬಿಣದ ಗೂಟ, ಟ್ರ್ಯಾಕ್ಟರಿನ ಪಿನ್ನು. ಮೇಲ್ಮಣ್ಣಿನಲ್ಲಿ, ನಮ್ಮದೇ ಜಾಗದಲ್ಲಿ, ನಮ್ಮದೇ ವಸ್ತುವನ್ನು ಹುಡುಕುವ ಕೆಲಸ ಅದು. ಬೆಂಡೋಲೆ ಕಳೆದ ಹೆಣ್ಣುಮಗಳು ಉಸಿರು ಹಿಡಿದು ಪಕ್ಕದಲ್ಲಿ ನಿಂತಿರುವಾಗ ಮಾತ್ರೆಪಟ್ಟಿಯ ಅಂಕಿಯನ್ನೂ ಬಿಡದೆ ಒಂದೊಂದು ಸಪ್ಪಳವನ್ನು ಬೆರಳಲ್ಲಿ ಕೆದಕಿ ನೋಡುವ ತಾಳ್ಮೆ ಇರಬೇಕು.

ಹಳೆಯ ನಾಣ್ಯ ಸಿಕ್ಕ ಜಾಗ ಏಕೆ ಅಷ್ಟು ಮುಖ್ಯ ಎಂದು ಕೇಳುವವರಿಗೆ ಚಿತ್ರದುರ್ಗದ ಚಂದ್ರವಳ್ಳಿಯನ್ನು ತೋರಿಸಬೇಕು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ ಶಾತವಾಹನರ ಕಾಲದ ಸ್ತರದಲ್ಲಿ ರೋಮ್‌ನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಇತ್ತು ಎಂದು ಬರೆದಿಟ್ಟಿದ್ದರಿಂದ ಆ ಪದರಕ್ಕೊಂದು ಕಾಲ ದೊರೆಯಿತು. ಅದೇ ಜಿಲ್ಲೆಯ ಬ್ರಹ್ಮಗಿರಿಯ ಕಲ್ಗೋರಿಗಳ ಕಾಲ ಗೊತ್ತುಮಾಡುವಾಗಲೂ ಅದು ಆಧಾರವಾಯಿತು. ಅದೇ ನಾಣ್ಯವನ್ನು ಯಾರೋ ರಾತ್ರಿ ಅಗೆದು ಜೇಬಿಗೆ ಹಾಕಿದ್ದರೆ ಸಂತೆಯಲ್ಲಿ ಬೆಳ್ಳಿಯ ತೂಕಕ್ಕೆ ಹೋಗುತ್ತಿತ್ತು.

ರಂಟೆಗೋ ಪಾಯ ತೋಡುವ ಜೆಸಿಬಿಗೋ ಒಂದು ಕುಡಿಕೆ ತಗುಲಿದರೆ ಮಾಡಬೇಕಾದದ್ದು ಸರಳ. ಕೆಲಸ ಅಲ್ಲಿಗೇ ನಿಲ್ಲಿಸಿ. ಕುಡಿಕೆಯನ್ನು ಎತ್ತಬೇಡಿ, ತೊಳೆಯಬೇಡಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ಮೇಲಿನ ಅಕ್ಷರವೇ ಹೋಗುತ್ತದೆ. ಇದ್ದ ಹಾಗೇ ಅಳತೆಗೆ ಒಂದು ಸ್ಕೇಲೋ ಪೆನ್ನೋ ಇಟ್ಟು ಫೋಟೊ ತೆಗೆಯಿರಿ, ಮಣ್ಣಿನ ಗೋಡೆಯೂ ಕಾಣುವಂತೆ. ಪೊಲೀಸ್ ಠಾಣೆಗೂ ತಹಸೀಲ್ದಾರರಿಗೂ ತಿಳಿಸಿ, ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅವರ ಮೂಲಕ ಜಿಲ್ಲಾಧಿಕಾರಿಗೆ, ಪುರಾತತ್ವ ಇಲಾಖೆಗೆ ಸುದ್ದಿ ಹೋಗುತ್ತದೆ. ಪಂಚನಾಮೆ ಆಗುವವರೆಗೆ ಊರಿನ ನಾಲ್ಕು ಹಿರಿಯರನ್ನು ಅಲ್ಲೇ ಕೂರಿಸಿ. ಯಂತ್ರವನ್ನು ಮಾತ್ರ ಆ ಗುಂಡಿಯ ಹತ್ತಿರ ತರಬೇಡಿ.